‘ಇದು ಇದಕ್ಕೆ ಸಮ’ ಎಂದರೆ ಯಾವುದು?

ನಮ್ಮ ಮಟಮಾರಿಯ ಹುಡುಗಿಯೊಬ್ಬಳು ಪಿಯುಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ತೆಗೆದು ಬಿಎಸ್‌ಸಿ ಸೇರಿದ್ದಳು. ಅವಳಿಗೆ ದೃಷ್ಟಿ ಮಂದ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದುತ್ತಾಳೆ. ಬೋರ್ಡು ಮೊದಲ ಬೆಂಚಿನಿಂದಲೂ ಕಾಣುವುದಿಲ್ಲ. ಎರಡನೆಯ ಸೆಮಿಸ್ಟರ್ ಮುಗಿಯುವ ಮೊದಲೇ ಮನೆಗೆ ಬಂದು ಕುಳಿತಳು. ಯಾಕವ್ವಾ ಎಂದು ಕೇಳಿದೆ.

“ಸರು ಬೋರ್ಡಿನ ಮ್ಯಾಲ ಬರಕೋತ ‘ಇದು ಇದಕ್ಕ ಸಮ, ಅದನ್ನ ಈ ಕಡಿಗಿ ತಂದ್ರ ಇಷ್ಟು’ ಅಂತಾರ ಅಜ್ಜಾರ. ಯಾವುದು ಇದು, ಯಾವುದು ಅದು, ನನಗ ಹ್ಯಾಂಗ ತಿಳೀಬೇಕ್ರಿ?”

ಆ ಅಧ್ಯಾಪಕರು ಕೆಟ್ಟವರಲ್ಲ. ಅವಳನ್ನು ಮುಂದೆ ಕೂಡಿಸಿದ್ದರು, ಹಾಜರಿಯಲ್ಲಿ ರಿಯಾಯಿತಿ ಕೊಟ್ಟಿದ್ದರು. ಬರೆಯುತ್ತಿರುವುದನ್ನು ಬಾಯಿಬಿಟ್ಟು ಹೇಳಬೇಕು ಎಂಬುದೊಂದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಪ್ರಾಥಮಿಕ ಶಾಲೆಯ ಮಾಸ್ತರಿಗೆ ಡಿಎಡ್ ಬೇಕು, ಹೈಸ್ಕೂಲಿಗೆ ಬಿಎಡ್ ಬೇಕು. ಪದವಿ ಕಾಲೇಜು, ವಿಶ್ವವಿದ್ಯಾಲಯಕ್ಕೆ ಬಂದರೆ ಸ್ನಾತಕೋತ್ತರ ಪದವಿಯ ಜೊತೆ ನೆಟ್ ಅಥವಾ ಪಿಎಚ್‌ಡಿ ಇದ್ದರಾಯಿತು. ಕಲಿಸುವುದನ್ನು ಕಲಿಯದೆಯೇ ತರಗತಿಗೆ ಹೋಗಬಹುದು.

ಬೇರೆಯವರ ಮೇಲೆ ಬೆರಳು ತೋರಿಸುವ ಮೊದಲು ನನ್ನದೊಂದು ತಪ್ಪು ಹೇಳಿಕೊಳ್ಳುತ್ತೇನೆ. ಸೇವೆಯಲ್ಲಿದ್ದಾಗ ಒಂದು ಕಾಲೇಜು ಕಟ್ಟಡದ ಉಸ್ತುವಾರಿ ನನ್ನದಾಗಿತ್ತು. ಗಾಲಿಕುರ್ಚಿಯ ಇಳಿಜಾರು 1:12 ಇರಬೇಕು ಎಂಬುದು ನಿಯಮ. ಎರಡು ಅಡಿ ಎತ್ತರದ ಜಗುಲಿಗೆ ಇಪ್ಪತ್ತನಾಲ್ಕು ಅಡಿ ಉದ್ದ ಬೇಕು. ಜಾಗ ಸಾಲದು ಎಂದು ಹನ್ನೆರಡು ಅಡಿಗೆ ಮುಗಿಸಿ ಸಹಿ ಹಾಕಿದೆ. ‘ಇಳಿಜಾರು ಇದೆ’ ಎಂಬ ಕಾಲಂ ತುಂಬಿತು, ಬಿಲ್ಲೂ ಪಾಸಾಯಿತು. ನಿವೃತ್ತನಾದ ಮೇಲೆ ಅದೇ ಕಾಲೇಜಿನ ಸಮಾರಂಭಕ್ಕೆ ಹೋದಾಗ, ಒಬ್ಬ ಹುಡುಗನ ಗಾಲಿಕುರ್ಚಿಯನ್ನು ಇಬ್ಬರು ಮೇಲಕ್ಕೆ ನೂಕುತ್ತಿದ್ದರು, ಇನ್ನೊಬ್ಬ ಹಿಂದೆ ಜಾರದಂತೆ ಅಡ್ಡ ನಿಂತಿದ್ದ. ಅಂದು ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುವಾಗ ನನ್ನ ಕಣ್ಣು ಬಾಗಿಲ ಕಡೆಗೇ ಇತ್ತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ನಾನು ಓದಿದ್ದು ಆಮೇಲೆಯೇ. ಅದರ 47ನೆಯ ಕಲಂ ನೋಡಿ ಬೆಚ್ಚಿದೆ. ವಿಕಲತೆಯ ವಿಷಯ ಯಾರ್ಯಾರ ಶಿಕ್ಷಣದಲ್ಲಿ ಸೇರಬೇಕು ಎಂಬ ಪಟ್ಟಿ ಅಲ್ಲಿದೆ: ಶಾಲೆ, ಕಾಲೇಜು, ವಿಶ್ವವಿದ್ಯಾಲಯದ ಅಧ್ಯಾಪಕರು, ವೈದ್ಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಜೊತೆಗೆ ಎಂಜಿನಿಯರುಗಳು. ಅದೇ ಕಾಯ್ದೆ ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ. 5 ಸೀಟು ಮೀಸಲಿಟ್ಟಿದೆ. 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. 2011ರ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಸೀಟು ಕೊಟ್ಟು ಒಳಗೆ ಕರೆದ ಮೇಲೆ ತರಗತಿಯಲ್ಲಿ ಏನಾಗುತ್ತದೆ ಎಂದು ಕೇಳುವವರು ಕಡಿಮೆ.

ತರಬೇತಿಯ ದಾರಿ ಇಲ್ಲದಿಲ್ಲ. ಯುಜಿಸಿಯ ಮಾಳವೀಯ ಮಿಷನ್ ತರಬೇತಿಯ ವಿಷಯಗಳಲ್ಲಿ ವಿದ್ಯಾರ್ಥಿ ವೈವಿಧ್ಯವೂ ಒಂದು. ಆದರೆ ಬಡ್ತಿಯ ಸರ್ಟಿಫಿಕೇಟಿಗಾಗಿ ಆನ್‌ಲೈನ್‌ನಲ್ಲಿ ಕುಳಿತು ಎದ್ದರೆ ಕೈಗೆ ಬರುವುದೇನು? ನನಗೆ ಬೇಕೆನಿಸುವ ತರಬೇತಿ ಸಿಮೆಂಟು ಕಲಸಿದಂತೆ ಕೈಗೆ ಅಂಟಬೇಕು. ಬೋರ್ಡಿಗೆ ಮುಖ ಮಾಡಿ ಮಾತಾಡಿದರೆ ತುಟಿ ನೋಡಿ ಅರ್ಥಮಾಡಿಕೊಳ್ಳುವ ಕಿವುಡ ವಿದ್ಯಾರ್ಥಿಗೆ ಪಾಠವೇ ನಿಂತುಹೋಗುತ್ತದೆ. ಕೈಬರಹದ ನೋಟ್ಸಿನ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಅಂಧ ವಿದ್ಯಾರ್ಥಿಯ ಮೊಬೈಲ್ ಅದನ್ನು ಸರಿಯಾಗಿ ಓದಿ ಹೇಳುತ್ತದೆಂಬ ಭರವಸೆಯಿಲ್ಲ. ಕನ್ನಡದಲ್ಲಿ ಇನ್ನೊಂದು ತೊಡಕಿದೆ: ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪಿಸಿದ ಕಡತವನ್ನು ಓದುವ ತಂತ್ರಾಂಶಕ್ಕೆ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಬಡಬಡಿಸುತ್ತದೆ. ಅದನ್ನೇ ಯುನಿಕೋಡ್‌ಗೆ ಬದಲಿಸಿದರೆ ಕನ್ನಡವಾಗಿ ಓದುತ್ತದೆ. ಐದು ನಿಮಿಷದ ಕೆಲಸ. ಗೊತ್ತಿಲ್ಲದ್ದರಿಂದ ವರ್ಷ ಹಾಳಾಗುತ್ತದೆ. ಪರೀಕ್ಷೆಯಲ್ಲಿ ಬರಹಗಾರರ ನೆರವು ಪಡೆಯುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿಗೆ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಇದನ್ನು ಹಕ್ಕೆಂದು ತಿಳಿದ ಮೇಲ್ವಿಚಾರಕರು ಎಷ್ಟು ಮಂದಿ, ಔದಾರ್ಯವೆಂದು ತಿಳಿದವರು ಎಷ್ಟು ಮಂದಿ?

ಈ ಮಾತನ್ನು ಮಠಗಳ ಪತ್ರಿಕೆಯಲ್ಲಿ ಏಕೆ ಬರೆಯುತ್ತಿದ್ದೇನೆ ಎಂದರೆ, ನಾಡಿನ ಎಷ್ಟೋ ಕಾಲೇಜುಗಳು ನಮ್ಮ ಮಠಗಳವು. ನಮಗೆ ಇದು ಹೊಸದೂ ಅಲ್ಲ. ಹುಟ್ಟು ಕುರುಡರಾದ ಪಂಚಾಕ್ಷರ ಗವಾಯಿಗಳಿಗೆ ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಗವಾಯಿಗಳು ದೃಷ್ಟಿಯಿಲ್ಲದ ಪುಟ್ಟರಾಜರನ್ನು ಬೆಳೆಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಾಣದವರೇ ಗುರುಗಳಾದರು. ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆ ಮೈಸೂರಿನಲ್ಲಿ ವಿಕಲಚೇತನರಿಗೆಂದೇ ಪಾಲಿಟೆಕ್ನಿಕ್ ನಡೆಸುತ್ತಿದೆ. ಇವೆಲ್ಲ ಹೆಮ್ಮೆಯ ಕೆಲಸಗಳು. ಆದರೆ ಪ್ರತ್ಯೇಕ ಸಂಸ್ಥೆ ಇದೆಯೆಂದು ಉಳಿದ ನೂರಾರು ಕಾಲೇಜುಗಳು ನಿಶ್ಚಿಂತವಾಗಿರುವುದು ಸರಿಯೆ? ಜಾತ್ರೆಯಲ್ಲಿ ತ್ರಿಚಕ್ರ ವಾಹನ ವಿತರಿಸಿ ಫೋಟೋ ತೆಗೆಸಿಕೊಳ್ಳುತ್ತೇವೆ. ಅದೇ ವಾಹನದಲ್ಲಿ ನಮ್ಮ ಕಾಲೇಜಿಗೆ ಬಂದವನು ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಾನೆ. ಇದನ್ನು ದಾಸೋಹವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಇನ್ನು ‘ಪೂರ್ವಜನ್ಮದ ಕರ್ಮ’ ಎನ್ನುವ ಮಾತು ಶರಣರ ಮನೆಗಳಲ್ಲೂ ಇನ್ನೂ ಕೇಳುತ್ತದೆ. ಅದಕ್ಕೆ ಬೇರೆಯೇ ಲೇಖನ ಬೇಕು.

ಪೂಜ್ಯರಲ್ಲಿ, ಆಡಳಿತ ಮಂಡಳಿಯವರಲ್ಲಿ ನನ್ನ ಕೋರಿಕೆ ಇಷ್ಟೆ. ಸರ್ಕಾರದ ಸುತ್ತೋಲೆಗೆ ಕಾಯದೆ, ಮುಂದಿನ ಶೈಕ್ಷಣಿಕ ವರ್ಷಕ್ಕೆ ಮೊದಲು ಪ್ರತಿ ಕಾಲೇಜಿನಲ್ಲಿ ಎರಡು ದಿನದ ತರಬೇತಿ ಇಡಲಿ. ಕಲಿಸುವವರು ವಿಕಲಚೇತನ ವಿದ್ಯಾರ್ಥಿಗಳೇ ಆಗಿರಲಿ, ಅವರಿಗೆ ಗೌರವಧನ ಕೊಡಲಿ. ಪ್ರಾಂಶುಪಾಲರೂ ಕೆಳಗೆ ಕುಳಿತು ಕೇಳಲಿ. ನಮಗೆ ಹತ್ತಿರದ ಯರಗೇರಾದಲ್ಲಿ ರಾಯಚೂರಿನ ವಿಶ್ವವಿದ್ಯಾಲಯವಿದೆ. ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರೆಯಾಗಿ ಕೆಲವೇ ವರ್ಷಗಳಾದ ಸಂಸ್ಥೆ. ಪಾಯ ಹಸಿಯಾಗಿರುವಾಗ ತಿದ್ದುವುದು ಸುಲಭ, ಗಟ್ಟಿಯಾದ ಮೇಲೆ ಒಡೆಯಬೇಕಾಗುತ್ತದೆ. ಅಲ್ಲಿಯೂ ಹೊಸದಾಗಿ ನೇಮಕವಾಗುವ ಪ್ರತಿ ಅಧ್ಯಾಪಕರಿಗೆ ಮೊದಲ ತಿಂಗಳಲ್ಲೇ ಈ ತರಬೇತಿ ಕೊಡಬಹುದು. ಕಟ್ಟಡಗಳ ಇಳಿಜಾರು ಅಳೆದುಕೊಡಲು ಯಾವ ಮಠದ ಕಾಲೇಜು ಕರೆದರೂ ಟೇಪು ಹಿಡಿದು ನಾನೇ ಬರುತ್ತೇನೆ, ಬಸ್ ಚಾರ್ಜೂ ಬೇಡ.

ಆ ಹುಡುಗಿ ಈಗ ಸಂಜೆ ನಮ್ಮ ಕಟ್ಟೆಗೆ ಬರುತ್ತಾಳೆ. ನಾನು ಲೆಕ್ಕ ಬಿಡಿಸುತ್ತ ಪ್ರತಿ ಸಾಲನ್ನೂ ಹೇಳುತ್ತೇನೆ. ಮೊನ್ನೆ ಮರೆತು ‘ಇದನ್ನು ಇದರಿಂದ ಭಾಗಿಸಿದರೆ’ ಎಂದುಬಿಟ್ಟೆ. “ಯಾವುದರಿಂದ ಅಜ್ಜಾರ?” ಎಂದಳು.