ಮಕ್ಕಳ ಕೈಗೆ ಯಾವ ಪುಸ್ತಕ?

ಕೋಲಾರ ತಾಲ್ಲೂಕಿನ ಹುತ್ತೂರಿನ ಕಡೆಯಿಂದ ಓದುಗ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಮಗ ಐದನೆಯ ತರಗತಿ, ಇಂಗ್ಲಿಷ್ ಮಾಧ್ಯಮ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ, ಅಂಗಡಿಯಲ್ಲಿ, ತೋಟದಲ್ಲಿ ತೆಲುಗು. ಕಣ್ಣು ಮಂಜಾದ ಅಜ್ಜಿ ಸಂಜೆಯ ಹೊತ್ತು ಈ ಪತ್ರಿಕೆಯನ್ನು ಓದಿ ಹೇಳೆಂದರೆ ಹುಡುಗ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಾನಂತೆ. ಎರಡು ಸಾಲು ಮುಗಿಯುವಷ್ಟರಲ್ಲಿ ‘ಸಾಕಜ್ಜಿ’ ಎಂದು ಎದ್ದುಬಿಡುತ್ತಾನಂತೆ. ಯಾವ ಪುಸ್ತಕ ಕೊಡಿಸಿದರೆ ಇವನು ತಾನಾಗಿ ಓದಿಯಾನು ಎಂಬುದು ಆ ತಾಯಿಯ ಪ್ರಶ್ನೆ.

ಇದು ಒಂದು ಮನೆಯ ಪ್ರಶ್ನೆಯಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನಂತಹ ಗಡಿ ತಾಲ್ಲೂಕುಗಳಲ್ಲಿ ಮಗು ಎರಡು ಮೂರು ಭಾಷೆಗಳನ್ನು ಲೀಲಾಜಾಲವಾಗಿ ಆಡುತ್ತದೆ. ಅದು ಸಂತೋಷದ ಸಂಗತಿ. ಆದರೆ ಅವುಗಳಲ್ಲಿ ಒಂದನ್ನೂ ಸಂತೋಷಕ್ಕಾಗಿ ಓದದೆ ದೊಡ್ಡದಾಗುತ್ತದೆ. ಅಕ್ಷರ ಬಲ್ಲ ಮಗು ಪುಸ್ತಕದಿಂದ ದೂರ ಸರಿಯುವುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಓದಿ ಸುಖಪಟ್ಟ ನೆನಪು ಅದಕ್ಕಿಲ್ಲ, ಅಷ್ಟೆ.

ಈ ವಿಷಯದಲ್ಲಿ ಹಿರಿಯರಾದ ನಮ್ಮ ಪಾಲೂ ಇದೆ. ಹುಟ್ಟುಹಬ್ಬಕ್ಕೆ, ಬಹುಮಾನಕ್ಕೆ ನಾವು ಆರಿಸುವುದು ಸಾಮಾನ್ಯ ಜ್ಞಾನದ ಪ್ರಶ್ನೋತ್ತರ ಪುಸ್ತಕ ಇಲ್ಲವೆ ಪ್ರತಿ ಕಥೆಯ ಕೊನೆಗೆ ದಪ್ಪಕ್ಷರದಲ್ಲಿ ನೀತಿಯನ್ನು ಅಚ್ಚು ಹಾಕಿದ ಪುಸ್ತಕ. ಮತ್ತೆ ಕೆಲವರು ದೊಡ್ಡವರಿಗಾಗಿ ಬರೆದ ಷಟ್‌ಸ್ಥಲ ನಿರೂಪಣೆಯನ್ನೇ ಹತ್ತು ವರ್ಷದ ಮಗುವಿನ ಕೈಗಿಟ್ಟು, ಓದಲಿಲ್ಲವೆಂದು ಗದರುವುದುಂಟು. ಭಕ್ತಿಯಿಂದ ಕೊಟ್ಟದ್ದಾದರೂ ಮಗುವಿಗೆ ಅದು ಶಿಕ್ಷೆಯಾಗಿಯೇ ಉಳಿಯುತ್ತದೆ. ಮೊದಲು ರುಚಿ ಹತ್ತಲಿ.

ಪತ್ರದಲ್ಲಿನ ಬಾಲಕನಿಗೆ ಅವನ ವಯಸ್ಸಿಗಿಂತ ಒಂದು ಮೆಟ್ಟಿಲು ಕೆಳಗಿನಿಂದಲೇ ಆರಂಭಿಸಬೇಕೆಂದು ನಮಗೆ ತೋರುತ್ತದೆ, ಅದೂ ಪದ್ಯದಿಂದ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳಲ್ಲಿ ಪ್ರಾಸವೇ ನಾಲಗೆಯನ್ನು ಕೈಹಿಡಿದು ನಡೆಸುತ್ತದೆ. ಮುಂದಿನ ಪದ ಯಾವುದೆಂದು ಕಿವಿ ಮೊದಲೇ ಊಹಿಸಿರುವುದರಿಂದ ಕಣ್ಣು ಒತ್ತಕ್ಷರಕ್ಕೆ ಹೆದರುವುದಿಲ್ಲ. ತುತ್ತೂರಿಯ ಜಂಬ ಕೊಳದ ನೀರಿನ ಪಾಲಾಗುವ ಕಥೆಯನ್ನು ಯಾವ ಮಗುವಿಗೂ ವಿವರಿಸಿ ಹೇಳಬೇಕಾದ್ದಿಲ್ಲ. ಸಿದ್ಧಯ್ಯ ಪುರಾಣಿಕರು (1918–1994) ಉನ್ನತ ಸರ್ಕಾರಿ ಹುದ್ದೆಯಲ್ಲಿದ್ದವರು, ‘ಕಾವ್ಯಾನಂದ’ ಎಂಬ ಗಂಭೀರ ನಾಮದ ಕವಿ. ಅವರೇ ಮಕ್ಕಳಿಗಾಗಿ ‘ತುಪ್ಪಾ ರೊಟ್ಟಿ ಗೇ ಗೇ ಗೇ’ ಎಂದು ಕುಣಿದವರು. ಆ ಹೆಸರನ್ನು ಗಟ್ಟಿಯಾಗಿ ಹೇಳಿದರೆ ಸಾಕು, ಮಕ್ಕಳು ನಗುತ್ತಾರೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇವೆಲ್ಲಕ್ಕಿಂತ ಉದ್ದವಾದದ್ದು, ಆದರೆ ಇಲಿಗಳ ಮೆರವಣಿಗೆ ಬರುವಲ್ಲಿ ಮಗು ಪುಸ್ತಕವನ್ನು ಕೆಳಗಿಡಲಾರದು. ಜರ್ಮನಿಯ ಒಂದು ಊರಿನ ದಂತಕಥೆ ಇಂಗ್ಲಿಷ್ ಕವಿ ಬ್ರೌನಿಂಗನ ಮೂಲಕ ಹಾದು ಬಂದು ಹೀಗೆ ನಮ್ಮ ಊರಿನದಾಯಿತು. ತಾಯಿ ಒಂದು ಚರಣ, ಮಗ ಒಂದು ಚರಣ ಎಂದು ಸರದಿಯಲ್ಲಿ ಓದಬಹುದು. ಕೇಳಲು ಅಜ್ಜಿ ಇದ್ದೇ ಇದ್ದಾರೆ. ತಪ್ಪಿದಲ್ಲಿ ತಿದ್ದದಿರಲಿ ಎಂದಷ್ಟೇ ಅವರಲ್ಲಿ ನಮ್ಮ ಬಿನ್ನಹ.

ಹೀಗೆ ಒಂದೆರಡು ತಿಂಗಳು ಕಳೆದ ಮೇಲೆ ಗದ್ಯ. ಪ್ರೊ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಸಾಹಿತ್ಯವು 1970ರ ದಶಕದಿಂದ ಹೊರತಂದ ‘ಭಾರತ ಭಾರತಿ ಪುಸ್ತಕ ಸಂಪದ’ದಲ್ಲಿ 510 ಕಿರುಹೊತ್ತಗೆಗಳಿವೆ. ಒಂದೊಂದೂ ಒಬ್ಬ ಹಿರಿಯ ವ್ಯಕ್ತಿಯ ಬದುಕು. ಅಂಗಿಯ ಜೇಬಿನಲ್ಲಿ ಇಡುವಷ್ಟು ಚಿಕ್ಕದು. ಒಂದೇ ಕೂರುವಿಕೆಯಲ್ಲಿ ಮುಗಿಯುತ್ತದೆ. ‘ಒಂದು ಪುಸ್ತಕ ಮುಗಿಸಿದೆ’ ಎಂದು ಹೇಳಿಕೊಳ್ಳುವ ಹೆಮ್ಮೆ ಮಗುವಿಗೆ ಮೊದಲ ಬಾರಿ ಸಿಗುವುದು ಇಂತಹ ಪುಸ್ತಕಗಳಿಂದಲೇ. ಎಲ್ಲ ಪುಸ್ತಕಗಳೂ ಒಂದೇ ಮಟ್ಟದವೆಂದು ನಾವು ಹೇಳಲಾರೆವು, ಹೊಗಳಿಕೆ ಅಲ್ಲಲ್ಲಿ ಅತಿಯಾಗಿದೆ. ಆದ್ದರಿಂದ ಯಾರ ಕಥೆ ಬೇಕೆಂಬುದನ್ನು ಮಗುವೇ ಆರಿಸಲಿ. ಬಸವಣ್ಣನವರನ್ನು ಬಿಟ್ಟು ವಿಜ್ಞಾನಿಯನ್ನೋ ಸೇನಾನಿಯನ್ನೋ ಆರಿಸಿಕೊಂಡರೆ ಮುಖ ಚಿಕ್ಕದು ಮಾಡಬೇಡಿ.

ಪ್ರಶ್ನೆಗಳನ್ನು ಕೇಳಿ ಕೇಳಿ ತಲೆ ತಿನ್ನುವ ಮಕ್ಕಳಿಗೆ ಶಿವರಾಮ ಕಾರಂತರ ‘ಬಾಲ ಪ್ರಪಂಚ’. 1930ರ ದಶಕದಲ್ಲಿ ಒಬ್ಬರೇ ಕುಳಿತು ಮೂರು ಸಂಪುಟಗಳಲ್ಲಿ ಮಕ್ಕಳಿಗೆ ಲೋಕವನ್ನೇ ತೋರಿಸಿದ ಸಾಹಸವದು. ವಿಜ್ಞಾನದ ವಿವರಗಳಲ್ಲಿ ಕೆಲವು ಇಂದು ಹಳತಾಗಿವೆ, ಕುತೂಹಲ ಹಳತಾಗಿಲ್ಲ.

ಹನ್ನೆರಡು ದಾಟಿದವರಿಗೆ ನಾವು ಮೊದಲು ಹೆಸರಿಸುವುದು ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕೃತಿ. ಅಣೆಕಟ್ಟಿನ ನೀರಿನಲ್ಲಿ ಊರುಗಳೇ ಮುಳುಗಿದ ಮಲೆನಾಡಿನ ವ್ಯಥೆಯನ್ನು ಡಿಸೋಜರು ಬಾಳಿನುದ್ದಕ್ಕೂ ಬರೆದರು. ಬತ್ತಿದ ಕೆರೆಗಳನ್ನೂ ಸಾವಿರ ಅಡಿಗಿಳಿದ ಕೊಳವೆ ಬಾವಿಗಳನ್ನೂ ನೋಡಿ ಬೆಳೆದ ಕೋಲಾರ ಸೀಮೆಯ ಮಗು, ನೀರು ಹೆಚ್ಚಾಗಿ ಮನೆ ಕಳೆದುಕೊಂಡವರೂ ಇದ್ದಾರೆಂದು ತಿಳಿಯುವುದು ಸಣ್ಣ ಮಾತಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ (1991) ಓದಿದವರು ಕಿವಿ ಎಂಬ ನಾಯಿಯನ್ನು, ಮಾರ ಪ್ಯಾರರನ್ನು ಮರೆಯುವಂತಿಲ್ಲ. ಅಲ್ಲಿಂದ ‘ಕರ್ವಾಲೊ’ಗೆ ದಾಟಿದರೆ ಹಾರುವ ಓತಿಯ ಬೆನ್ನುಹತ್ತಿ ಕಾಡಿಗೇ ಹೋಗಬಹುದು. ಅದರ ಭಾಷೆ ತುಸು ಒರಟೆಂದು ಕೆಲವು ಹಿರಿಯರು ಮೂಗು ಮುರಿಯುತ್ತಾರೆ. ಮಕ್ಕಳು ಬೀದಿಯಲ್ಲಿ ಕೇಳದ ಮಾತೇನೂ ಅಲ್ಲಿಲ್ಲ.

ನಮ್ಮ ನೆಲದವರೇ ಆದ ಮಾಸ್ತಿಯವರನ್ನು ಬಿಡುವುದುಂಟೆ? ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿ 1983ರ ಜ್ಞಾನಪೀಠ ಪ್ರಶಸ್ತಿ ಪಡೆದವರು. ಅವರ ‘ರಂಗನ ಮದುವೆ’ ಹೊಸಹಳ್ಳಿಯ ಮಾವಿನಕಾಯಿಯ ಹುಳಿಯ ಬಣ್ಣನೆಯಿಂದಲೇ ತೊಡಗುತ್ತದೆ. ಮಾವಿನ ತೋಪುಗಳ ನಡುವೆ ಬೆಳೆದ ಶ್ರೀನಿವಾಸಪುರದ ಮಕ್ಕಳಿಗೆ ಓದುತ್ತಲೇ ಹಲ್ಲು ಚುಳ್ಳೆಂದೀತು. ಇಂಗ್ಲಿಷ್ ಕಲಿಯಲು ಬೆಂಗಳೂರಿಗೆ ಹೋದ ಹುಡುಗ ಮರಳಿ ಬಂದಾಗ, ಅವನು ಎಷ್ಟು ಬದಲಾಗಿದ್ದಾನೆಂದು ನೋಡಲು ಊರೇ ನೆರೆಯುತ್ತದೆ. ನೂರು ವರ್ಷದ ಹಿಂದಿನ ಆ ಕಾತರ ಇಂದಿನ ನಮ್ಮ ಪತ್ರಲೇಖಕಿಯ ಕಾತರಕ್ಕಿಂತ ಬಹಳ ಬೇರೆಯದಲ್ಲ, ಮಾಸ್ತಿಯವರು ಅದನ್ನು ನಗುತ್ತ ಹೇಳುತ್ತಾರೆ. ಕಾಲೇಜು ಮೆಟ್ಟಿಲು ಹತ್ತಿದವರಿಗೆ ಮುಳಬಾಗಿಲಿನ ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’. ಸಂಪುಟಗಳು ಎಂಟು ಎಂದು ಅಂಜಬೇಕಿಲ್ಲ, ಎಲ್ಲಿ ಬೇಕಾದರೂ ತೆರೆದು ಓದಬಹುದು.

ಎಲ್ಲವನ್ನೂ ಕೊಳ್ಳಲು ಎಲ್ಲ ಮನೆಗಳಿಗೂ ಆಗದು. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಮಗುವನ್ನು ಜೊತೆಗೆ ಕರೆದೊಯ್ದು ಅದರ ಕೈಯಿಂದಲೇ ಅರ್ಜಿ ತುಂಬಿಸಿ. ಮಕ್ಕಳ ಪುಸ್ತಕಗಳು ಹರಿದಾವೆಂದು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ, ಗ್ರಂಥಪಾಲಕರನ್ನು ವಿನಯದಿಂದಲೇ ಕೇಳಿ ಬೀಗ ತೆಗೆಸಿ. ಮೊಬೈಲನ್ನು ಬಿಡದ ಮಕ್ಕಳಿದ್ದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ಚಿತ್ರಸಹಿತ ಕನ್ನಡ ಕಥೆಗಳು ದುಡ್ಡಿಲ್ಲದೆ ದೊರೆಯುತ್ತವೆ, ತೆಲುಗಿನಲ್ಲೂ ಇವೆ. ಒಂದೇ ಕಥೆಯನ್ನು ಎರಡೂ ಭಾಷೆಗಳಲ್ಲಿ ಓದಿದ ಮಗು ಹುತ್ತೂರಿನ ಬೀದಿಯ ಗೆಳೆಯರಿಗೂ ಅದನ್ನು ಹೇಳಬಲ್ಲದು.