ಸರಕಿಗೆ ಬಿಟ್ಟ ದಾರಿ ಸಂಸಾರಕ್ಕೇಕಿಲ್ಲ?

2020ರ ಮಾರ್ಚ್ 25, ಯುಗಾದಿಯ ದಿನವೇ ದೇಶಕ್ಕೆಲ್ಲ ಲಾಕ್‌ಡೌನ್ ಬಿತ್ತು. ಹಬ್ಬಕ್ಕೆಂದು ಮಕ್ಕಳೊಡನೆ ರಾಯಚೂರು, ಬೀದರ, ಕಲಬುರಗಿಗೆ ಹೋದ ಗೃಹಿಣಿಯರು ಅಲ್ಲಿ, ನೌಕರಿಗಂಟಿಕೊಂಡ ಗಂಡಂದಿರು ಇಲ್ಲಿ ಕಾಚಿಗೂಡದಲ್ಲಿ. ಆ ದಿನಗಳನ್ನು ಓದುಗ ಬಂಧುಗಳಿಗೆ ನಾನು ನೆನಪಿಸಬೇಕಾಗಿಲ್ಲ. 1956ರ ನವೆಂಬರ್ 1ರವರೆಗೆ ಆ ಮೂರು ಜಿಲ್ಲೆಗಳೂ ಹೈದರಾಬಾದ್ ರಾಜ್ಯದವೇ. ಭಾಷೆಗಾಗಿ ನಾವೇ ಬೇಡಿ ಪಡೆದ ಗೆರೆ ಅಂದು ಗೋಡೆಯಾಯಿತು.

ರೋಗ ತಡೆಯುವುದು ಸರ್ಕಾರದ ಧರ್ಮ. ಅದನ್ನು ಅಲ್ಲಗಳೆಯುವವನು ನಾನಲ್ಲ. ನನ್ನ ತಕರಾರು ಆದೇಶಗಳ ಒಕ್ಕಣೆಯ ಬಗ್ಗೆ. ಮಾರ್ಚ್ 29ರಂದೇ ಕೇಂದ್ರ ಗೃಹ ಖಾತೆಯು ಎಲ್ಲ ಬಗೆಯ ಸರಕು ಸಾಗಣೆಗೂ ಅನುಮತಿ ಕೊಟ್ಟಿತು. ಅಲ್ಲಲ್ಲಿ ಸಿಕ್ಕಿಬಿದ್ದ ಮನುಷ್ಯರ ಸರದಿ ಬಂದದ್ದು ಏಪ್ರಿಲ್ 29ಕ್ಕೆ! ಆ ಆದೇಶದಲ್ಲಿ ವಲಸೆ ಕಾರ್ಮಿಕರು, ಯಾತ್ರಿಕರು, ಪ್ರವಾಸಿಗಳು, ವಿದ್ಯಾರ್ಥಿಗಳು ಎಂದು ಹೆಸರು ಹೇಳಿ, ಕೊನೆಗೆ 'ಇತರರು' ಎಂದಿತ್ತು. ಅಗಲಿದ ಗಂಡಹೆಂಡಿರು, ತಾಯಿಮಕ್ಕಳು ಆ 'ಇತರ'ರಲ್ಲಿ ಸೇರಿದರು. ಕಡತಗಳ ನಡುವೆ ತಲೆ ನರೆತ ಗುಮಾಸ್ತನಾಗಿ ಹೇಳುತ್ತೇನೆ: ಆದೇಶದಲ್ಲಿ ಹೆಸರಿಲ್ಲದವನ ಅರ್ಜಿ ಯಾವಾಗಲೂ ಕಟ್ಟಿನ ತಳದಲ್ಲಿಯೇ ಇರುತ್ತದೆ.

ಸಾಲದ್ದಕ್ಕೆ, ಕಳುಹಿಸುವ ಮತ್ತು ಬರಮಾಡಿಕೊಳ್ಳುವ ರಾಜ್ಯಗಳೆರಡೂ ಒಪ್ಪಬೇಕೆಂಬ ಷರತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬಂತೆ, ಮೇ 18ರಂದು ಕರ್ನಾಟಕ ಸರ್ಕಾರವು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಸಾರಿತು. ಅದಕ್ಕೂ ಮೊದಲು ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ದಾರಿಯನ್ನು ತಲಪಾಡಿಯಲ್ಲಿ ಮುಚ್ಚಿದಾಗ ರೋಗಿಗಳೂ ತಡೆದು ನಿಲ್ಲಬೇಕಾಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಅಡ್ಡಿ ತೆಗೆಸಬೇಕೆಂದಿತು. 7ರಂದು ಸುಪ್ರೀಂ ಕೋರ್ಟಿನ ಮುಂದೆ, ತುರ್ತು ರೋಗಿಗಳಿಗೆ ದಾರಿ ಬಿಡುವ ಒಪ್ಪಂದವಾಯಿತು. ಅಮ್ಮನಿಗಾಗಿ ಅಳುವ ಕೂಸು ಯಾವ ಕೋರ್ಟಿಗೆ ಹೋಗಬೇಕು?

ಅಮೆರಿಕದತ್ತ ನೋಡಿ. ಮೆಕ್ಸಿಕೋ ಗಡಿಯಲ್ಲಿ ಅಲ್ಲಿನ ಸರ್ಕಾರ ತಂದೆತಾಯಿಗಳಿಂದ ಅಗಲಿಸಿದ್ದ ಮಕ್ಕಳನ್ನು 30 ದಿನಗಳಲ್ಲಿ, ಐದು ವರ್ಷದೊಳಗಿನವರನ್ನು 14 ದಿನಗಳಲ್ಲಿ ಮರಳಿ ಸೇರಿಸಬೇಕೆಂದು 2018ರ ಜೂನ್ 26ರಂದು ನ್ಯಾಯಾಲಯ ಗಡುವು ಹಾಕಿತು. ಅವರು ಆ ದೇಶಕ್ಕೆ ಪರಕೀಯರು. ದೇಶದೊಳಗೆ ಎಲ್ಲೆಡೆ ಸಂಚರಿಸುವ ಹಕ್ಕನ್ನು ಸಂವಿಧಾನದ 19ನೇ ವಿಧಿಯಲ್ಲಿ ಪಡೆದ ನಮಗೆ ಅಷ್ಟು ಗಡುವೂ ಇಲ್ಲ!

"ಸಂಸಾರದ ಹೆಸರು ಹೇಳಿ ಎಲ್ಲರೂ ನುಗ್ಗಿದರೆ?" ಎನ್ನುವವರಿದ್ದಾರೆ. ಹಾಗಾದರೆ ಪಡಿತರ ಚೀಟಿ, ಮದುವೆಯ ನೋಂದಣಿ ಪತ್ರ, ಮಗುವಿನ ಜನನ ಪತ್ರ ಇರುವುದೇತಕ್ಕೆ? ಪರೀಕ್ಷೆ ಮಾಡಲಿ, ಹದಿನಾಲ್ಕು ದಿನ ಮನೆಯಲ್ಲೇ ಇರಿಸಲಿ. ಬಾಗಿಲು ಮಾತ್ರ ಮುಚ್ಚದಿರಲಿ.

ನಾವು ಕೇಳಬೇಕಾದದ್ದು ಮೂರೇ. ಇಂಥ ಆದೇಶಗಳಲ್ಲಿ 'ಅಗಲಿದ ಕುಟುಂಬ' ಎಂಬ ವರ್ಗವನ್ನು ಹೆಸರಿಸಿ ಸೇರಿಸಬೇಕು. ಅವರ ಪ್ರವೇಶಕ್ಕೆ ಬರಮಾಡಿಕೊಳ್ಳುವ ರಾಜ್ಯದ ಒಪ್ಪಿಗೆಯ ಷರತ್ತು ಇರಕೂಡದು. ಅರ್ಜಿಗೆ ಮೂರು ದಿನಗಳೊಳಗೆ, ಕಾರಣಸಹಿತ ಲಿಖಿತ ಉತ್ತರ ಸಿಗಬೇಕು. ನಮ್ಮ ಸಂಘವು ಈ ಮನವಿಯನ್ನು ಬೆಂಗಳೂರು, ಹೈದರಾಬಾದ್, ದೆಹಲಿ ಮೂರೂ ಕಡೆಗೆ ಕಳುಹಿಸಲಿ; ಸದಸ್ಯರೆಲ್ಲರೂ ಸಹಿ ಹಾಕಲಿ. ಈಗ ಪಿಡುಗಿಲ್ಲವಲ್ಲ ಎಂದು ಸುಮ್ಮನಿದ್ದರೆ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವರ ಸಾಲಿಗೆ ನಾವೂ ಸೇರುತ್ತೇವೆ.