ಗೊತ್ತಿದ್ದನ್ನ ಬಚ್ಚಿಡೋದು ಯಾಕೆ?



ವಿದ್ಯೆ ಹಂಚಿದಷ್ಟೂ ಹೆಚ್ಚುತ್ತದೆ ಅಂತ ನಾವೆಲ್ಲ ಭಾಷಣದಲ್ಲಿ ಹೇಳ್ತೀವಿ. ಪರೀಕ್ಷೆ ಹತ್ತಿರ ಬಂದರೆ ನೋಟ್ಸು ಬ್ಯಾಗಿನ ತಳ ಸೇರುತ್ತದೆ. ನಾನೂ ಹಾಗೆ ಮಾಡಿದವನೇ. ರಾಗಿ ಕೊಯ್ಲಿಗೆ ಅಂತ ಒಂದು ವಾರ ಶಾಲೆ ತಪ್ಪಿಸಿದ್ದ ಗೆಳೆಯ ವರ್ಗ ಸಮೀಕರಣದ ಲೆಕ್ಕ ಕೇಳಿದಾಗ, "ನಂಗೂ ಸರಿಯಾಗಿ ಬರಲ್ಲ ಕಣೋ" ಅಂದುಬಿಟ್ಟೆ. ನಂಗೆ ಬರ್ತಿತ್ತು. ಟೆಸ್ಟಿನಲ್ಲಿ ಅವನು ಫೇಲಾದ. ಆಮೇಲೆ ನನ್ನನ್ನು ಏನೂ ಕೇಳಲಿಲ್ಲ. ಅದೇ ನನಗೆ ಚುಚ್ಚಿತು.

ಸುಳ್ಳು ಯಾಕೆ ಹೇಳಿದೆ? ಅವನು ನನಗಿಂತ ಎರಡು ಅಂಕ ಜಾಸ್ತಿ ತಗೊಂಡರೆ ಅನ್ನೋ ಭಯ. ನಮ್ಮಲ್ಲಿ ಮೊದಲ ಸ್ಥಾನ ಬಂದವರಿಗೆ ಚಪ್ಪಾಳೆ, ಹೇಳಿಕೊಟ್ಟವರನ್ನು ಕೇಳೋರಿಲ್ಲ. ಇನ್ನು ಕೆಲವರು ಹೇಳದಿರೋದು ಸ್ವಾರ್ಥಕ್ಕಲ್ಲ, ಅಂಜಿಕೆಗೆ. ಬೋರ್ಡಿನ ಮೇಲೆ ಲೆಕ್ಕ ಮಾಡುವಾಗ ಒಂದು ಚಿಹ್ನೆ ತಪ್ಪಿತು ಅಂತ ಸಹಪಾಠಿಯೊಬ್ಬಳನ್ನು ನೋಡಿ ಎಲ್ಲರೂ ನಕ್ಕೆವು. ಅವಳು ಮತ್ತೆ ಸೀಮೆಸುಣ್ಣ ಹಿಡಿಯಲೇ ಇಲ್ಲ.

ದೊಡ್ಡವರಲ್ಲಿ ಇದಕ್ಕೆ ದಾರಿ ಕಂಡವರಿದ್ದಾರೆ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ರೈತರ ಕೈಗೇ ಲೇಖನಿ ಕೊಟ್ಟಿತು. ತೋಟದಲ್ಲಿ ಕಂಡದ್ದನ್ನು ರೈತರೇ ತಮ್ಮ ಹೆಸರಿನಲ್ಲಿ ಬರೆದರು. ಪ್ರೊ. ಅನಿಲ್ ಗುಪ್ತಾ ಅವರು ಕಟ್ಟಿದ 'ಹನಿ ಬೀ' ಬಳಗದಲ್ಲೂ ಅದೇ ಪದ್ಧತಿ: ಹಳ್ಳಿಯವರಿಂದ ಕಲಿತದ್ದನ್ನು ಅವರ ಹೆಸರಿನೊಂದಿಗೇ ಹೇಳಬೇಕು, ಅವರ ಭಾಷೆಯಲ್ಲೇ ಅವರಿಗೆ ಮರಳಿ ತಿಳಿಸಬೇಕು. ಜೇನು ಮಕರಂದ ಹೀರಿದರೆ ಹೂವು ಬಡವಾಗೋದಿಲ್ಲ ಅನ್ನೋದು ಅವರ ನಂಬಿಕೆ.

ಶಾಲೆಯಾಗಲಿ, ಹಾಲಿನ ಡೈರಿಯಾಗಲಿ, ಸ್ತ್ರೀಶಕ್ತಿ ಸಂಘವಾಗಲಿ, ಹೇಳಿದವರ ಹೆಸರು ಉಳಿಯಬೇಕು, ತಪ್ಪಿದರೆ ನಗಬಾರದು. ಆಗ ಜನ ತಾವಾಗೇ ಹೇಳ್ತಾರೆ. ಬಹುಮಾನವೇ ಬೇಕು ಅಂತಿಲ್ಲ.

ಆದ್ದರಿಂದ ನನ್ನದೊಂದು ಸಲಹೆ. ಈ ಗೋಡೆ ಪತ್ರಿಕೆಯ ಮೂಲೆಯಲ್ಲಿ 'ಈ ವಾರ ಯಾರು ಏನು ಹೇಳಿಕೊಟ್ಟರು' ಅಂತ ಬರೆಯೋಣ. ಗುರುಗಳು ಒಬ್ಬೊಬ್ಬರ ಅಂಕದ ಜೊತೆಗೆ, ಎಲ್ಲರೂ ಪಾಸಾದ ಗುಂಪಿನ ಹೆಸರನ್ನೂ ಪ್ರಾರ್ಥನೆ ವೇಳೆ ಓದಲಿ.

ಕಳೆದ ಸೋಮವಾರ ಆ ಗೆಳೆಯನ ಹತ್ತಿರ ನಾನೇ ಹೋಗಿ ಲೆಕ್ಕ ಹೇಳಿಕೊಟ್ಟೆ. "ಎರಡೂ ಕಡೆ ಅದೇ ಸಂಖ್ಯೆ ಯಾಕೆ ಕೂಡಬೇಕು?" ಅಂದ. ನಾನು ಬಾಯಿಪಾಠ ಮಾಡಿದ್ದೆ ಅಷ್ಟೇ, ಉತ್ತರ ಗೊತ್ತಿರಲಿಲ್ಲ. ಇಬ್ಬರೂ ಕೂತು ಹುಡುಕಿದೆವು. ಆಗ ನಂಗೂ ಅರ್ಥ ಆಯ್ತು.

ನೀವೇನಂತೀರಿ?

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ